ಚಿಕಿತ್ಸೆ ಮುಗಿದ ಮೇಲೂ ಮೂರು ತಿಂಗಳಿಗೊಮ್ಮೆ ಸಿಎ-125 ಪರೀಕ್ಷೆ ಬೇಕೇ?

ಪರ

ಅಂಡಾಶಯದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಮುಗಿದು ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ, ಹೊಟ್ಟೆಯ ಒಳಪೊರೆಯ ಮೇಲೆ ರಾಗಿಕಾಳಿನಷ್ಟು ಗಂಟುಗಳು ಉಳಿದಿರಬಹುದು. ಒಂದು ಕಾಲದಲ್ಲಿ ಅದನ್ನು ನೋಡಲೆಂದೇ ಹೊಟ್ಟೆಯನ್ನು ಮತ್ತೊಮ್ಮೆ ಕೊಯ್ಯುತ್ತಿದ್ದರು. 1980ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು, ಈ ಕ್ಯಾನ್ಸರ್ ಇದ್ದಾಗ ಸಾಮಾನ್ಯವಾಗಿ ಹೆಚ್ಚುವ ಸಿಎ-125 ಎಂಬ ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ದಾರಿ ತೋರಿಸಿದ ಮೇಲೆ ಒಂದಿಷ್ಟು ರಕ್ತದಿಂದಲೇ ಸುಳಿವು ಸಿಗತೊಡಗಿತು.

ಸಾಮಾನ್ಯ ಮಿತಿ ಮಿಲಿಲೀಟರಿಗೆ 35 ಯೂನಿಟ್. ಆದರೆ ನೋಡಬೇಕಾದದ್ದು ಏರಿಕೆಯನ್ನು: 8, 15, 27 ಎಂದು ಸಾಗಿದ ವರದಿಗಳು ಮಿತಿಯೊಳಗೇ ಇದ್ದರೂ ಅನುಭವಿ ವೈದ್ಯರು ಅವನ್ನು ಕಡೆಗಣಿಸುವುದಿಲ್ಲ. ಲಕ್ಷಣ ತೋರುವ ಎಷ್ಟೋ ತಿಂಗಳ ಮೊದಲೇ ಸಂಖ್ಯೆ ಏರಬಹುದು. ಆ ಬಿಡುವಿಗೆ ಬೆಲೆಯಿದೆ. 2021ರಲ್ಲಿ ಪ್ರಕಟವಾದ ಡೆಸ್ಕ್‌ಟಾಪ್-3 ಪ್ರಯೋಗದಲ್ಲಿ, ಮರುಕಳಿಸಿದ ಗಡ್ಡೆಗೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಆಯ್ದ ಮಹಿಳೆಯರ ಮಧ್ಯಕ ಬದುಕುಳಿಯುವಿಕೆ (ಅರ್ಧದಷ್ಟು ಮಂದಿ ದಾಟಿದ ಅವಧಿ) 53.7 ತಿಂಗಳು, ಕೀಮೋ ಮಾತ್ರ ಪಡೆದವರದು 46. ಗಡ್ಡೆ ಪೂರ್ತಿ ತೆಗೆಯಲು ಸಾಧ್ಯವಾದವರಿಗೇ ಲಾಭ ಸಿಕ್ಕಿತು. ಎಲ್ಲೆಡೆ ಹರಡಿದ ಮೇಲೆ ಗೊತ್ತಾದರೆ ಶಸ್ತ್ರಚಿಕಿತ್ಸಕರಾದರೂ ಏನು ಮಾಡಿಯಾರು?

ವಿರೋಧ

ಬೇಗ ತಿಳಿದರೆ ಹೆಚ್ಚು ಬದುಕುತ್ತಾರೆ ಎಂಬುದು ಊಹೆ. ಅದನ್ನು ಒರೆಗೆ ಹಚ್ಚಿಯೂ ಆಗಿದೆ. 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲಕ್ಷಣವಿಲ್ಲದೆ ಸಿಎ-125 ಮಿತಿಯ ಎರಡು ಪಟ್ಟು ದಾಟಿದ 529 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಕ್ಷಣ ಕೀಮೋ. ಇನ್ನೊಂದು ಗುಂಪಿನವರಿಗೆ ಫಲಿತಾಂಶವನ್ನೇ ಹೇಳದೆ, ಕಾಯಿಲೆ ಮರುಕಳಿಸಿದ್ದು ಲಕ್ಷಣಗಳಿಂದ ತಿಳಿದಾಗ ಕೀಮೋ. ಮೊದಲ ಗುಂಪಿಗೆ ಸುಮಾರು ಐದು ತಿಂಗಳು ಮುಂಚೆ ಔಷಧಿ ಸಿಕ್ಕಿತು. ಬದುಕುಳಿದ ಮಧ್ಯಕ ಅವಧಿ 25.7 ತಿಂಗಳು, ಕಾದವರದು 27.1. ಆ ಅಲ್ಪ ವ್ಯತ್ಯಾಸಕ್ಕೆ ಅರ್ಥ ಹಚ್ಚಬೇಕಾಗಿಲ್ಲ, ಆದರೆ ಆತುರಪಟ್ಟವರಿಗೆ ಲಾಭವಂತೂ ಆಗಲಿಲ್ಲ. ವಾಂತಿ, ಸುಸ್ತು, ಕೂದಲುದುರುವಿಕೆ ಮಾತ್ರ ಬೇಗ ಬಂದವು.

ಅದು ಹಳೆಯ ಔಷಧಿಗಳ ಕಾಲ ಎಂಬ ಆಕ್ಷೇಪಕ್ಕೆ ಹುರುಳಿದೆ, ಒಪ್ಪೋಣ. ಆದರೆ ಪರೀಕ್ಷೆಯ ಸ್ವಂತ ದೋಷಗಳು ಹಳತಾಗಿಲ್ಲ. ಮ್ಯೂಸಿನಸ್ (ಲೋಳೆ ಸ್ರವಿಸುವ) ಬಗೆಯ ಗಡ್ಡೆಗಳಲ್ಲಿ ಸಿಎ-125 ಅಷ್ಟಾಗಿ ಏರುವುದೇ ಇಲ್ಲ. 35ರ ಕೆಳಗಿದ್ದವರ ಹೊಟ್ಟೆಯಲ್ಲೂ ಎಷ್ಟೋ ಬಾರಿ ಗಂಟುಗಳು ಸಿಕ್ಕಿವೆ. ಇತ್ತ ಕ್ಷಯವು ಹೊಟ್ಟೆಗೆ ತಗುಲಿದರೂ, ಲಿವರ್ ಸಿರೋಸಿಸ್‌ನಿಂದ ನೀರು ತುಂಬಿದರೂ ಸಂಖ್ಯೆ ಜಿಗಿಯುತ್ತದೆ. ಕ್ಷಯ ಸಾಮಾನ್ಯವಾದ ನಮ್ಮ ದೇಶದಲ್ಲಿ ಇದು ಪುಸ್ತಕದ ಮಾತಲ್ಲ.

ಇನ್ನು, ವರದಿ ಈಗ ಬರುವುದು ಮೊಬೈಲಿಗೆ. ಶನಿವಾರ ಸಂಜೆ 38 ಎಂದು ದಪ್ಪಕ್ಷರದಲ್ಲಿ ಕಂಡವಳು ವೈದ್ಯರ ಭೇಟಿಯವರೆಗೆ ಊಟ ನಿದ್ದೆ ಬಿಟ್ಟು ಕೂರುತ್ತಾಳೆ. ಚೀಟಿ ಬರೆಯುವ ಮೊದಲು ಅವಳಿಗೆ ಈ ಲೆಕ್ಕವನ್ನೆಲ್ಲ ವಿವರಿಸಿ, ಬೇಕೇ ಎಂದು ಕೇಳಬೇಕು. ಬೇಡ ಎಂದವಳಿಗೆ, ಹೊಟ್ಟೆ ಉಬ್ಬರ ಬಿಡದಿದ್ದರೆ ಅಥವಾ ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ ಮುಂದಿನ ತಾರೀಕಿಗೆ ಕಾಯದೆ ಬರಲು ಹೇಳಿದರಾಯಿತು.