ಸ್ಟೂಲ್ ಮೇಲೆ ಕೂತು ಹಾಡೋದು ಅಷ್ಟು ಸಸ್ತಾ ಅಲ್ಲ ಗುರು

ಬೆಂಗಳೂರಿನಲ್ಲಿ ವೆಸ್ಟ್‌ಲೈಫ್ ಅನ್ನೋ ಹಾಡುಗಾರರ ಗುಂಪು ಇಷ್ಟ ಅಂತ ಬಾಯಿಬಿಟ್ಟು ಹೇಳೋಕೆ ಇವತ್ತಿಗೂ ಸ್ವಲ್ಪ ಧೈರ್ಯ ಬೇಕು. 2007ರಲ್ಲಿ ಅರಮನೆ ಮೈದಾನದಲ್ಲಿ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಕೇಳಿದ ಊರು ಇದು. ಕೈಯಲ್ಲಿ ಗಿಟಾರ್ ಇಲ್ಲದವರನ್ನು ಬ್ಯಾಂಡ್ ಅಂತ ಕರೆಯೋಕೆ ಇಲ್ಲಿನ ಸಂಗೀತಪ್ರಿಯರಿಗೆ ಮನಸ್ಸೇ ಬರಲ್ಲ. 2023ರ ನವೆಂಬರ್‌ನಲ್ಲಿ ಐರ್ಲೆಂಡಿನ ಈ ಗುಂಪು ನಮ್ಮೂರಿಗೇ ಬಂದು ಹಾಡಿ ಹೋಯಿತು, ಆದರೂ ಗೊಣಗಾಟ ಬದಲಾಗಿಲ್ಲ: ಒಬ್ಬನೂ ವಾದ್ಯ ನುಡಿಸಲ್ಲ, ಸ್ಟೂಲ್ ಮೇಲೆ ಕೂತಿರ್ತಾರೆ, ಶ್ರುತಿ ಏರಿದಾಗ ಎದ್ದು ನಿಲ್ತಾರೆ, ಮುಗೀತು.

ಎದ್ದು ನಿಲ್ಲೋದು ನಿಜ. ಆದರೆ ಆ ಗುಂಪು ಇಷ್ಟು ವರ್ಷ ಬಾಳಿದ್ದರ ಗುಟ್ಟೂ ಆ ಜಾಗದಲ್ಲೇ ಇದೆ.

1998ರಲ್ಲಿ ಸ್ಲೈಗೋ ಪಟ್ಟಣದ ಆರು ಹುಡುಗರ ಗುಂಪು ಮ್ಯಾನೇಜರ್ ಲೂಯಿಸ್ ವಾಲ್ಶ್ ಕಣ್ಣಿಗೆ ಬಿತ್ತು. ರೆಕಾರ್ಡ್ ಕಂಪನಿಯ ಸೈಮನ್ ಕೋವೆಲ್‌ಗೆ ಆ ಆರು ಮಂದಿ ಹಿಡಿಸಲಿಲ್ಲ. ಮೂವರು ಹೊರಗೆ ಹೋದರು, ಡಬ್ಲಿನ್ ಆಡಿಷನ್‌ನಿಂದ ಇಬ್ಬರು ಒಳಗೆ ಬಂದರು. ಸ್ಲೈಗೋದ ಶೇನ್ ಫೈಲನ್, ಮಾರ್ಕ್ ಫೀಹಿಲಿ, ಕಿಯಾನ್ ಈಗನ್. ಡಬ್ಲಿನ್‌ನ ನಿಕಿ ಬರ್ನ್, ಬ್ರಯಾನ್ ಮೆಕ್‌ಫ್ಯಾಡನ್. ಕ್ರೂರ ನಿರ್ಧಾರ ಅನ್ನಿ, ಆದರೆ ಕಿವಿಯ ಲೆಕ್ಕದಲ್ಲಿ ಸರಿ. ಚರಣ ಎತ್ತಿಕೊಳ್ಳೋಕೆ ಶೇನ್‌ನ ನಯವಾದ ದನಿ, ಮೇಲಿನ ಸ್ವರಗಳಿಗೆ ಮಾರ್ಕ್‌ನ ದೊಡ್ಡ ಕಂಠ. ಉಳಿದವರ ಕೆಲಸ ಇವರಿಬ್ಬರನ್ನು ಹೊರುವುದು. ಎಲ್ಲರೂ ಮುಂದೆ ಬರಬೇಕು ಅನ್ನೋ ಗುಂಪುಗಳು ಒಡೆದದ್ದು ಜಾಸ್ತಿ. ಇಲ್ಲಿ ಹೊರುವವರು ಬೇಜಾರಿಲ್ಲದೆ ಹೊತ್ತರು.

1999ರ 'ಸ್ವೇರ್ ಇಟ್ ಅಗೇನ್'ನಿಂದ ಹಿಡಿದು 2000ದ 'ಮೈ ಲವ್' ತನಕ, ಮೊದಲ ಏಳು ಸಿಂಗಲ್‌ಗಳೂ ಬ್ರಿಟನ್‌ನಲ್ಲಿ ಸಾಲಾಗಿ ನಂಬರ್ ಒನ್. ಇದರಲ್ಲಿ ವ್ಯಾಪಾರದ ಜಾಣತನ ಎಷ್ಟು ಅನ್ನೋದನ್ನೂ ಹೇಳಬೇಕು. ಆಗ ಅಲ್ಲಿ ಹಾಡನ್ನು ವಾರಗಟ್ಟಲೆ ಮುಂಚೆ ರೇಡಿಯೋಗೆ ಕೊಟ್ಟು, ಸಿಡಿ ಮಾತ್ರ ಅಂಗಡಿಗೆ ಬಿಡದೆ ತಡೆದಿಡುತ್ತಿದ್ದರು. ಬಿಟ್ಟ ದಿನ ಅಭಿಮಾನಿಗಳೆಲ್ಲ ಒಟ್ಟಿಗೆ ಮುಗಿಬೀಳಬೇಕು, ಅದು ಲೆಕ್ಕ. ಹಾಗಾಗಿ ಆ ಏಳರಲ್ಲಿ ನಾಲ್ಕು ಹಾಡು ತುದಿಯಲ್ಲಿದ್ದದ್ದು ಒಂದೊಂದೇ ವಾರ. ಸರಪಳಿ ಕಡಿದದ್ದು ಯಾರು ಗೊತ್ತಾ? 2000ದ ಕ್ರಿಸ್‌ಮಸ್‌ಗೆ 'ಬಾಬ್ ದಿ ಬಿಲ್ಡರ್' ಅನ್ನೋ ಮಕ್ಕಳ ಕಾರ್ಟೂನಿನ ಹಾಡು! ವೆಸ್ಟ್‌ಲೈಫ್ ಎರಡನೇ ಸ್ಥಾನಕ್ಕೆ ಬಿತ್ತು. ಒಟ್ಟು 14 ನಂಬರ್ ಒನ್ ಹಾಡು ಅಲ್ಲಿ ಬಂದರೂ, ಅಮೆರಿಕದಲ್ಲಿ ಮೊದಲ ಹಾಡು 20ನೇ ಸ್ಥಾನ ಮುಟ್ಟಿತು, ಆಮೇಲೆ ಆ ಬಾಗಿಲು ತೆರೆಯಲೇ ಇಲ್ಲ.

2004ರಲ್ಲಿ ಮೆಕ್‌ಫ್ಯಾಡನ್ ಹೊರಟ. ಅದೇ ವರ್ಷ ಸೂಟು ಹಾಕಿಕೊಂಡು ಹಳೇ ಕಾಲದ ಅಮೆರಿಕನ್ ಗಾಯಕ ಫ್ರಾಂಕ್ ಸಿನಾತ್ರಾ ಶೈಲಿಗೆ ಕೈಹಾಕಿದ ಆಲ್ಬಂ ನನಗೆ ಇವರ ಅತಿ ದುರ್ಬಲ ಕೆಲಸ. ಆ ಶೈಲಿಗೆ ತಾಳದ ಹಿಂದೆ ಬೀಳುವ ತುಂಟತನ ಬೇಕು, ಇವರದ್ದು ತಾಳಕ್ಕೆ ಅಂಟಿಕೊಂಡ ಗಾಯನ. ಮರುವರ್ಷ 'ಯೂ ರೈಸ್ ಮೀ ಅಪ್' ಹಾಡಿ ಮತ್ತೆ ತಮ್ಮ ಗದ್ದೆಗೆ ಬಂದರು. 2012ರ ಜೂನ್‌ನಲ್ಲಿ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ವಿದಾಯ. ಅದೇ ತಿಂಗಳು ಜಮೀನು-ಕಟ್ಟಡದ ಸಾಲದಲ್ಲಿ ಶೇನ್ ದಿವಾಳಿ. 2018ರಲ್ಲಿ ಮತ್ತೆ ಒಂದಾಗಿ, 2019ರಲ್ಲಿ ಎಡ್ ಶೀರನ್ ಕೈಜೋಡಿಸಿ ಬರೆದ ಹಾಡಿನೊಂದಿಗೆ ವಾಪಸ್. 2022ರಲ್ಲಿ ಮೊದಲ ಸಲ ವೆಂಬ್ಲಿ ಕ್ರೀಡಾಂಗಣ.

ಈಗ ಶ್ರುತಿ ವಿಷಯ. ಹಗುರವಾಗಿ ಮಾತಾಡುವವರು ಒಮ್ಮೆ ಕಾಲೇಜ್ ಫೆಸ್ಟ್ ವೇದಿಕೆ ಮೇಲೆ 'ಮೈ ಲವ್' ಹಾಡಿ ನೋಡಲಿ. ಹಾಡು ಶುರುವಾಗೋದು ಸಿ ಮೇಜರ್‌ನಲ್ಲಿ, ನಮ್ಮ ಲೆಕ್ಕದಲ್ಲಿ ಒಂದು ಮನೆ. ಕೊನೆಯ ಪಲ್ಲವಿಗೆ ಡಿ, ಅಂದರೆ ಎರಡು ಮನೆ. ಹೆಚ್ಚಿನ ಗುಂಪುಗಳು ಚರಣ ಆರಾಮಾಗಿ ಬರುತ್ತೆ ಅಂತ ಮೂಲ ಶ್ರುತಿಯಲ್ಲೇ ಹೊರಟು, ಕೊನೆಯಲ್ಲಿ ಗಂಟಲು ಸೀಳಿಕೊಳ್ಳುತ್ತವೆ. ಲೆಕ್ಕ ಹಿಂದಿನಿಂದ ಹಾಕಬೇಕು. ಕೊನೆಯ ಪಲ್ಲವಿಯ ಅತಿ ಎತ್ತರದ ಸ್ವರವನ್ನು ಮುಖ್ಯ ಗಾಯಕ ಸತತ ಮೂರು ಸಲ ಎಳೆದು ನಿಲ್ಲಿಸಬಲ್ಲ ಶ್ರುತಿ ಯಾವುದು ನೋಡಿ, ಅಲ್ಲಿಂದ ಎರಡು ಅರ್ಧಸ್ವರ (ಕೀಬೋರ್ಡಿನಲ್ಲಿ ಒಂದು ಕೀಯಿಂದ ಪಕ್ಕದ ಕೀಗೆ ಇರುವ ಅಂತರ ಒಂದು ಅರ್ಧಸ್ವರ) ಇಳಿಸಿದರೆ ನಿಮ್ಮ ಆರಂಭ ಸಿಗುತ್ತೆ. ಕೀಬೋರ್ಡ್ ಆದರೆ ಟ್ರಾನ್ಸ್‌ಪೋಸ್ ಒತ್ತಿದರೆ ಆಯಿತು. ಕರೋಕೆ ಟ್ರ್ಯಾಕ್ ಆದರೆ ಮೂರು ಅರ್ಧಸ್ವರಕ್ಕಿಂತ ಹೆಚ್ಚು ಎಳೆಯಬೇಡಿ, ಡ್ರಮ್ಸ್ ಶಬ್ದ ಕೆಡುತ್ತೆ.

ಎರಡನೇ ದನಿ ಇನ್ನೂ ಕಷ್ಟ. ಮೇಜರ್ ಅಂದರೆ ಶಂಕರಾಭರಣದ ಸ್ವರಗಳೇ. ಮುಖ್ಯ ಗಾಯಕ ಸ ಹಾಡುವಾಗ ಜೊತೆಯವನು ಗ, ರಿ ಬಂದಾಗ ಮ, ಗ ಬಂದಾಗ ಪ, ಹೀಗೆ ಒಂದು ಬಿಟ್ಟು ಒಂದು. ಸ-ಗ ನಡುವೆ ನಾಲ್ಕು ಅರ್ಧಸ್ವರ ಇದೆ ಅಂತ ಅದೇ ಅಂತರ ಹಿಡಿದು ಹೊರಟರೆ, ರಿ ಬಂದಾಗ ಶಂಕರಾಭರಣದಲ್ಲಿ ಇಲ್ಲದ ಪ್ರತಿಮಧ್ಯಮಕ್ಕೆ ಹೋಗಿ ಬೀಳ್ತೀರಿ. ಅಪಸ್ವರ ಅಂತ ಎಲ್ಲರಿಗೂ ಗೊತ್ತಾಗುತ್ತೆ, ಯಾಕೆ ಅಂತ ಮಾತ್ರ ಯಾರಿಗೂ ಹೊಳೆಯಲ್ಲ. ಸಂಗೀತ ಪಾಠ ಆದ ಮಕ್ಕಳಿಗೆ ಇನ್ನೊಂದು ತೊಡಕು: ಗಮಕ. ಒಂಟಿ ದನಿಗೆ ಅದೇ ಚೆಂದ, ಆದರೆ ಎರಡು ದನಿ ಎರಡು ರೀತಿ ಅಲುಗಿದರೆ ಇಬ್ಬರಲ್ಲಿ ಯಾರದ್ದೂ ಕೇಳಿಸಲ್ಲ. ಸ್ವರ ನೇರ ನಿಲ್ಲಬೇಕು, ಪದದ ಕೊನೆಯ ವ್ಯಂಜನವನ್ನು ಒಬ್ಬನೇ ಉಚ್ಚರಿಸಬೇಕು. ಐದೂ ಜನ ಒಟ್ಟಿಗೆ 'ಸ್' ಅಂದರೆ ಮೈಕ್‌ನಲ್ಲಿ ಕುಕ್ಕರ್ ಕೂಗಿದ ಹಾಗೆ. ಉಸಿರನ್ನೂ ಹಂಚಿಕೊಳ್ಳಿ, ಒಂದೇ ಕಡೆ ಎಲ್ಲರೂ ಉಸಿರು ತೆಗೆದರೆ ಹಾಡಲ್ಲಿ ತೂತು ಬೀಳುತ್ತೆ.

ಶ್ರುತಿ ಏರುವ ಕ್ಷಣದಲ್ಲಿ ಮುಖ್ಯ ಗಾಯಕ ದಾಟಿಬಿಡ್ತಾನೆ, ಜೊತೆಯವರು ಹಳೇ ಮನೆಯಲ್ಲೇ ಉಳೀತಾರೆ. ಅದಕ್ಕೇ ಅಲ್ಲಿ ಜೊತೆಗಾರರ ಮೈಕ್ ತಗ್ಗಿಸಿ, ಒಂದು ಸಾಲು ಆದ ಮೇಲೆ ಏರಿಸಿ ಅಂತ ಸೌಂಡ್‌ನವರಿಗೆ ಮೊದಲೇ ಹೇಳಿಟ್ಟಿರಿ. ಅಭ್ಯಾಸದಲ್ಲಿ ಶ್ರುತಿ ಏರುವ ಜಾಗದ ಹಿಂದುಮುಂದಿನ ನಾಲ್ಕು ಸಾಲನ್ನು ಮಾತ್ರ, ಹಿಂದಿನ ವಾದ್ಯ ಇಲ್ಲದೆ, ಹತ್ತು ಸಲ ದಾಟಿ. ಎದ್ದು ನಿಲ್ಲೋದೂ ಬರೀ ಶೋಕಿ ಅಲ್ಲ. ಬಾಗಿ ಕೂತವನ ಹೊಟ್ಟೆ ಮಡಚಿರುತ್ತೆ, ಎದ್ದವನಿಗೆ ಉಸಿರು ಪೂರ್ತಿ ಸಿಗುತ್ತೆ, ಆ ಎತ್ತರಕ್ಕೆ ಅದು ಬೇಕೇ ಬೇಕು.

2024ರಲ್ಲಿ ಆರೋಗ್ಯದ ಕಾರಣಕ್ಕೆ ಮಾರ್ಕ್ ಪ್ರವಾಸದಿಂದ ಹಿಂದೆ ಸರಿದಾಗ ಉಳಿದದ್ದು ಮೂವರು. ಗುಂಪು ನಿಂತಿಲ್ಲ, ಆದರೆ ಮೇಲಿನ ದನಿಯ ಜಾಗ ಖಾಲಿ ಅನ್ನೋದು ಕಿವಿ ಇದ್ದವರಿಗೆ ತಿಳಿಯುತ್ತೆ. ನಿಮ್ಮದೂ ಮೂವರ ಗುಂಪಾದರೆ ಶ್ರುತಿ ಏರಿಸುವ ಹಟ ಬಿಡಿ. ಕೊನೆಯ ಪಲ್ಲವಿಯ ಮೊದಲ ಎರಡು ಸಾಲನ್ನು ವಾದ್ಯ ನಿಲ್ಲಿಸಿ ಮೂರೇ ದನಿಯಲ್ಲಿ ಹಾಡಿ, ಮೂರನೇ ಸಾಲಿಗೆ ಡ್ರಮ್ಸ್ ಒಳಗೆ ಬರಲಿ.