ಸೆಟ್ ಆಗಂಗಿಲ್ಲ ಬಿಡ್ರಿ

ಬಳ್ಳಾರಿಯ ಜೀನ್ಸ್ ಹೋಲ್‌ಸೇಲ್ ಅಂಗಡಿಗಳಲ್ಲಿ ಒಂದೊಂದೇ ಪ್ಯಾಂಟ್ ಕೊಡುವುದಿಲ್ಲ, ಸೆಟ್ ಕೊಡುತ್ತಾರೆ. ಒಂದೇ ಬಣ್ಣ, ಒಂದೇ ವಾಶ್ (ಬಟ್ಟೆ ತೊಳೆದು ಬಣ್ಣ ಮಾಸಿಸುವ ಬಗೆ). ಸೊಂಟ ಮಾತ್ರ 28, 30, 32, 34 ಅಂತ ಏರುತ್ತಾ ಹೋಗುತ್ತದೆ. ಹಳ್ಳಿ ಕಡೆಯ ಅಂಗಡಿಯವರು, "ನಮ್ಮಲ್ಲಿ 28 ಹೋಗಂಗಿಲ್ಲ, ಅದನ್ನ ತಗೀರಿ" ಅಂದರೆ, "ಸೆಟ್ ಒಡಿಯಂಗಿಲ್ಲಣ್ಣ" ಎಂಬ ಉತ್ತರ ರೆಡಿ. ರೇಟು ಕುದುರಿದರೆ ಸೆಟ್ ಆಯ್ತು. ಕುದುರದಿದ್ದರೆ, "ಸೆಟ್ ಆಗಂಗಿಲ್ಲ ಬಿಡ್ರಿ."

ಇಂಗ್ಲಿಷಿನವರಿಗೂ ಈ ಪದದ ಕಾಟ ತಪ್ಪಿದ್ದಲ್ಲ. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು 'ಸೆಟ್' ಕ್ರಿಯಾಪದಕ್ಕೆ. ಸುಮಾರು 430 ಅರ್ಥ, 60,000 ಪದ! ಆಮೇಲೆ 'ರನ್' 645 ಅರ್ಥ ಕಟ್ಟಿಕೊಂಡು ಮುಂದೆ ಹೋಯಿತು. ಓಡುವುದೇ ಅದರ ಕಸುಬು, ಅಲ್ವಾ?

ಅವರಲ್ಲಿ ಸೂರ್ಯ ಸೆಟ್ ಆಗುತ್ತಾನೆ, ಮುರಿದ ಮೂಳೆ ಸೆಟ್ ಆಗುತ್ತದೆ, ಉಂಗುರದ ಹರಳೂ ಅಷ್ಟೇ. ನಾವು ಅಷ್ಟನ್ನೂ ತಗೊಳ್ಳಲಿಲ್ಲ. ಮುನಿರಾಬಾದಿನಲ್ಲಿ ನಿಂತು ನೋಡಿದರೆ ತುಂಗಭದ್ರೆಯ ನೀರಿನಾಚೆ ಹೊತ್ತು ಮುಳುಗುತ್ತದೆ, ಸೆಟ್ ಆಗುವುದಿಲ್ಲ. ಮೂಳೆ ಕೂಡುತ್ತದೆ. ಹರಳು ಕೂರಿಸುತ್ತಾರೆ. ಮೊಸರಿಗೆ ಹೆಪ್ಪು ಇದ್ದೇ ಇದೆ. ಸಿಮೆಂಟ್ ಬಂದಾಗ ಮಾತ್ರ ಪದವೂ ಚೀಲದ ಜೊತೆಗೇ ಬಂತು. "ಇನ್ನೂ ಸೆಟ್ ಆಗಿಲ್ರಿ, ಕಾಲಿಡಬ್ಯಾಡ್ರಿ" ಅಂತ ಮೇಸ್ತ್ರಿ ಕೂಗುತ್ತಾನೆ. ನಮ್ಮ ಬೇಸಿಗೆಯಲ್ಲಿ ಅದು ಬೇಗ ಸೆಟ್ ಆಗುತ್ತದೆ, ಅದೇ ತಾಪತ್ರಯ. ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸದಿದ್ದರೆ ಬಿರುಕು ಗ್ಯಾರಂಟಿ.

ನನಗೆ ಇಷ್ಟವಾದ ಅರ್ಥ ಬೇರೆ, ಹೊಂದುವುದು. ಮೈಸೂರು ಕಡೆಯಿಂದ ರಾಯಚೂರಿಗೆ ವರ್ಗವಾಗಿ ಬಂದವರು ಏಪ್ರಿಲ್ ಹೊತ್ತಿಗೆ, "ಈ ಹವಾ ನಮಗೆ ಸೆಟ್ ಆಗ್ತಿಲ್ಲ" ಅಂತ ಶುರು ಮಾಡುತ್ತಾರೆ. ಬಿಸಿಲು ಎಲ್ಲರಿಗೂ ಒಂದೇ, ಅದು ಯಾರಿಗೆ ತಾನೇ ಸೆಟ್ ಆಗಿದೆ? ಹೊಸ ಕೆಲಸ ಸೆಟ್ ಆಗಲ್ಲ, ಬಾಡಿಗೆ ಮನೆ ಸೆಟ್ ಆಗಲ್ಲ, ಈ ಅಂಗಿಗೆ ಆ ಪ್ಯಾಂಟ್ ಸೆಟ್ ಆಗಲ್ಲ. ಇದೇ ಮಾತನ್ನು ಸುಮ್ನೆ ಇಂಗ್ಲಿಷಿಗೆ ತಿರುಗಿಸಿ ಲಂಡನ್ನಿನಲ್ಲಿ ಹೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಸ್ಕಾಟ್ಲೆಂಡಿನ ಹಳಬರು ಒಪ್ಪಬಹುದೇನೋ. ಅವರ ಆಡುಮಾತಿನಲ್ಲಿ ಸೆಟ್ ಅಂದರೆ ಒಪ್ಪು, ಹೊಂದು ಎಂಬ ಅರ್ಥವೂ ಇದೆ. ಅಲ್ಲಿಂದ ನಮ್ಮ ಬಳ್ಳಾರಿಯ ಕೌಲ್ ಬಜಾರಿಗೆ ಬಂತು ಅಂತ ನಾನು ಹೇಳುತ್ತಿಲ್ಲ.

ಹೆಣ್ಣು ನೋಡಿ ಬಂದವರ ಮಾತು ಕೇಳಬೇಕು. "ಮನೆತನ ಸೆಟ್ ಆಗತೈತಿ, ಜಾತಕ ಸೆಟ್ ಆಗವಲ್ದು." ಜಾತಕ ಸೆಟ್ ಮಾಡಿಕೊಡುವವರೂ ಇದ್ದಾರೆ. ಅದರ ರೇಟು ಬೇರೆ.