ಯೂರಿಯಾ ಜೊತೆ ನೀರಿನ ಮಾತೂ ಬೇಕು

ಹಸುವಿನ ಮೇವಿಗೆ ಬೆಳೆಯುವ ನೇಪಿಯರ್ ಹುಲ್ಲಿಗೆ ಪ್ರತಿ ಕಟಾವಿನ ನಂತರ ಯೂರಿಯಾ ಗೊಬ್ಬರ ಕೊಟ್ಟರೆ ಇಳುವರಿ ಏರುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ, ಆದರೆ ನೀರಿದ್ದರೆ ಮಾತ್ರ. ಕೋಲಾರದ ಕಡೆ ಕೊಳವೆಬಾವಿ ನಂಬಿಕೊಂಡು ಹಸು ಕಟ್ಟಿರುವ ನಮ್ಮಂಥವರಿಗೆ ಈ ಅರ್ಧ ಮಾತು ಅಪಾಯಕಾರಿ. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿದೆ. ನೆಲದ ಮೇಲೆ ಎರಚಿ ನೀರು ಹಾಯಿಸದೆ ಬಿಟ್ಟರೆ ಅದರಲ್ಲಿ ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಅದಕ್ಕಿಂತ ದೊಡ್ಡ ಭಯ ಬೇರೆ. ಗೊಬ್ಬರ ಹೀರಿದ ಹುಲ್ಲು ನೀರಿಲ್ಲದೆ ಬಾಡಿದರೆ, ಬೇರು ಹೀರಿದ ಸಾರಜನಕ (ನೈಟ್ರೇಟ್ ರೂಪದಲ್ಲಿರುವುದು) ಪ್ರೋಟೀನ್ ಆಗದೆ ದಂಟಿನ ಬುಡದಲ್ಲಿ ಉಳಿದುಬಿಡುತ್ತದೆ. ಹಸುವಿನ ಹೊಟ್ಟೆಯಲ್ಲಿ ಆ ನೈಟ್ರೇಟ್ ನೈಟ್ರೈಟ್ ಎಂಬ ವಿಷವಾಗಿ ರಕ್ತ ಸೇರುತ್ತದೆ; ರಕ್ತ ಆಮ್ಲಜನಕ ಹೊರಲಾರದೆ ಕಂದು ಬಣ್ಣಕ್ಕೆ ತಿರುಗುತ್ತದೆ. ನಮ್ಮ ಪಕ್ಕದ ಮನೆಯ ಹಸು ಹೀಗೆಯೇ ಏದುಸಿರು ಬಿಡುತ್ತಾ ಕುಸಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಪಶುವೈದ್ಯರು ಬೇಗ ಬಂದು ಮೆಥಿಲೀನ್ ಬ್ಲೂ ಎಂಬ ಮದ್ದು ಕೊಟ್ಟಿದ್ದರಿಂದ ಉಳಿಯಿತು.

ದಯವಿಟ್ಟು ಇದನ್ನೂ ಲೇಖನದಲ್ಲಿ ಸೇರಿಸಿ: ನೀರಿನ ಖಾತ್ರಿ ಇಲ್ಲದಾಗ ಯೂರಿಯಾ ಎರಚಬೇಡಿ. ಬಾಡಿದ ಹುಲ್ಲನ್ನು ಕೊಯ್ಯಲೇಬೇಕಾದರೆ ಬುಡ ಬಿಟ್ಟು ಎತ್ತರದಲ್ಲಿ ಕೊಯ್ದು, ಒಣ ರಾಗಿ ಹುಲ್ಲಿನೊಂದಿಗೆ ಬೆರೆಸಿ ಸ್ವಲ್ಪ ಸ್ವಲ್ಪವೇ ಹಾಕಿ. ಬರದ ನಂತರ ಮಳೆ ಬಿದ್ದ ಮರುದಿನವೇ ಕುಡುಗೋಲು ಹಿಡಿಯಬೇಡಿ; ಆಗಲೂ ಹುಲ್ಲಿನಲ್ಲಿ ನೈಟ್ರೇಟ್ ಹೆಚ್ಚಿರುತ್ತದೆ, ಒಂದು ವಾರವಾದರೂ ಕಾಯಿರಿ.